ಗಬ್ಬೂರು ರಸ್ತೆಯಲ್ಲಿ ನಾನು ಹಾಕಿದ ಬಿಳಿ ಬೆಳಕು

ಇದನ್ನು ಓದಿ ನಗುವವರು ನಗಲಿ. ನಾನು ಮೂವತ್ತೊಂದು ವರ್ಷ ಮಾನ್ವಿ ಮತ್ತು ದೇವದುರ್ಗದ ಸರಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿದವನು. ಬೆಳಕು ಗಾಜಿನಲ್ಲಿ ಹೇಗೆ ಬಾಗುತ್ತದೆ, ಕನ್ನಡಿಗೆ ಬಡಿದು ಹೇಗೆ ಮರಳುತ್ತದೆ ಎಂಬುದನ್ನು ಕಪ್ಪು ಹಲಗೆಯ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದು ತೋರಿಸಿದವನು. ಕಾಣದ್ದನ್ನು ಕಂಡೆನೆಂದು ಹೇಳುವ ಚಟ ನನಗಿಲ್ಲ. ಆದರೂ ಈ ಹತ್ತಿ ಸುಗ್ಗಿಯಲ್ಲಿ ಗಬ್ಬೂರು ರಸ್ತೆಯ ಮೇಲೆ ನಾನು ಕಂಡದ್ದು ನಡೆದದ್ದೇ. ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿ ಹುಲಿಗೆಮ್ಮ ಕುಳಿತಿದ್ದಳು. ಅವಳೂ ಕಂಡಳು...

ಮೊದಲು ಅವಮಾನದ ವಿಷಯ. ಅದನ್ನು ಕ್ರಮವಾಗಿ ಹೇಳದೆ ಉಳಿದದ್ದು ಅರ್ಥವಾಗುವುದಿಲ್ಲ.

ನಿವೃತ್ತಿಯ ನಂತರ ನಾವು ರಾಯಚೂರಿನಲ್ಲಿ ಮನೆ ಮಾಡಿದ್ದೇವೆ. ಗಬ್ಬೂರಿನ ಹತ್ತಿರ ಮೂರು ಎಕರೆ ಹೊಲವಿದೆ. ಹತ್ತಿ ಬಿಡಿಸುವ ದಿನಗಳಲ್ಲಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ ನಮ್ಮ ಹಳೆಯ ಕಾರಿನಲ್ಲಿ ಹೋಗಿ, ಕೂಲಿಯವರನ್ನು ಕಳಿಸಿ, ಸಂಜೆ ಏಳಕ್ಕೆ ಅಲ್ಲಿಂದ ಹೊರಡುತ್ತೇವೆ. ಅದೇ ಹೊತ್ತಿಗೆ ಎದುರಿನಿಂದ, ನೆತ್ತಿಯ ಮೇಲೂ ಎರಡು ದೀಪ ಕಟ್ಟಿದ್ದ ಒಂದು ಬಿಳಿ ಜೀಪು ಬರುತ್ತಿತ್ತು. ರಾಯಚೂರಿನ ಜಿನ್ನಿಂಗ್ ಮಿಲ್ಲಿಗೆ ಹತ್ತಿ ಹಾಕಿ ಊರಿಗೆ ಮರಳುವ ಸಾವುಕಾರನದು. ಅವನ ಹೆಸರು ಬರೆಯುವುದಿಲ್ಲ... ಮರೆತಿದ್ದೇನೆಂದಲ್ಲ.

ಎದುರು ಗಾಡಿ ಕಂಡರೆ ನಾನು ಹೆಡ್‌ಲೈಟ್ ಡಿಪ್ ಮಾಡುತ್ತೇನೆ. ಅವನು ಒಮ್ಮೆಯೂ ಮಾಡಲಿಲ್ಲ. ಹನ್ನೊಂದು ಸಲ ಎದುರಾಗಿದ್ದೆವು. ಹನ್ನೊಂದೂ ನನಗೆ ನೆನಪಿವೆ. ಹನ್ನೊಂದನೆಯ ಸಲ ನನ್ನ ಕಣ್ಣಿಗೆ ಕತ್ತಲೆ ಕವಿದು ಕಾರು ರಸ್ತೆಯಿಂದ ಜಾರಿ ತಗ್ಗಿಗೆ ಇಳಿಯಿತು. ಹುಲಿಗೆಮ್ಮನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ನಾಲ್ಕು ಹೊಲಿಗೆ. ಜೀಪು ನಿಲ್ಲಲಿಲ್ಲ.

ಮುಂದಿನ ಮಂಗಳವಾರ ಗಬ್ಬೂರಿನ ಚಹಾದಂಗಡಿಯಲ್ಲಿ ಅವನು ಸಿಕ್ಕ. ನಾನು ಸಭ್ಯವಾಗಿಯೇ ಕೇಳಿದೆ.

“ಸಾವುಕಾರ್ರ, ಎದುರು ಗಾಡಿ ಬಂದಾಗ ಲೈಟ್ ಡಿಪ್ ಮಾಡ್ರಿ. ನಮ್ಮ ಮನಿಯವರ ಹಣಿಗೆ ನಾಕು ಹೊಲಿಗಿ ಬಿದ್ದಾವ.”

ಅವನು ಬಸಿಗೆ ಚಹಾ ಸುರುವಿಕೊಂಡು ನಿಧಾನವಾಗಿ ಹೀರಿದ.

“ಮಾಸ್ತರ, ಕಾರ್ ತಗೊಂಡ್ರ ಆಗಲಿಲ್ಲ. ಎದುರು ದೊಡ್ಡ ಗಾಡಿ ಬಂದ್ರ ಬಾಜೂಕ ಸರೀಬೇಕು. ನಿಮ್ಮಪ್ಪಗ ಅದು ಗೊತ್ತಿತ್ತು. ನಿಮಗ್ಯಾಕ ಗೊತ್ತಾಗವಲ್ದು?”

ಅಂಗಡಿಯಲ್ಲಿ ಆರು ಜನರಿದ್ದರು. ನಾಲ್ವರು ನಕ್ಕರು, ಇಬ್ಬರು ತಲೆ ತಗ್ಗಿಸಿದರು. ಯಾರು ನಕ್ಕರು, ಯಾರು ತಗ್ಗಿಸಿದರು ಎಂಬುದನ್ನು ಇಂದಿಗೂ ಹೇಳಬಲ್ಲೆ.

ಆ ಮಾತಿನ ಅರ್ಥ ಹೊರಗಿನವರಿಗೆ ತಿಳಿಯದು. ನನ್ನ ತಂದೆ ಆ ಮನೆತನದ ಹೊಲದಲ್ಲಿ ಜೀತಕ್ಕಿದ್ದರು. ಆ ಮನೆಯ ಬಂಡಿ ಎದುರು ಬಂದರೆ ನಮ್ಮ ಕೇರಿಯವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ರಸ್ತೆ ಬಿಟ್ಟು ಹೊಲಕ್ಕಿಳಿದು, ಬಂಡಿ ದಾಟುವವರೆಗೆ ಬೆನ್ನು ತಿರುಗಿಸಿ ನಿಲ್ಲಬೇಕಿತ್ತು. ಅವನು ಹೇಳಿದ್ದು ಅದನ್ನೇ.

ಆ ರಾತ್ರಿಯೇ ಅವನಿಗೆ ಕೊಡಬೇಕಾದ ಉತ್ತರವನ್ನು ಒಂದೊಂದು ಶಬ್ದ ತೂಗಿ ಕಟ್ಟಿದೆ. ‘ಎದುರು ದೊಡ್ಡ ಬೆಳಕು ಬಂದ್ರ ಬಾಜೂಕ ಸರಿಯೋದು ಇನ್ನ ನೀವು ಕಲೀರಿ.’ ಅವನು ತಗ್ಗಿನಲ್ಲಿ ನಿಂತಿರಬೇಕು, ಕಣ್ಣು ಕಾಣದೆ ತಡಕಾಡುತ್ತಿರಬೇಕು, ಆಗ ನಾನು ರಸ್ತೆಯ ಮೇಲೆ ನಿಂತು ಈ ಮಾತು ಹೇಳಬೇಕು. ಆ ದಿನಗಳಲ್ಲಿ ನನಗೆ ಬೇರೆ ಆಸೆಯಿರಲಿಲ್ಲ.

ರಾಯಚೂರಿನಲ್ಲಿ ನನ್ನ ಕಾರನ್ನು ಹದಿನಾಲ್ಕು ವರ್ಷಗಳಿಂದ ನೋಡಿಕೊಳ್ಳುವವನು ಮಹಬೂಬ್ ಮಿಸ್ತ್ರಿ. ಪೇಟೆಯಲ್ಲಿ ಸಿಗುವ, ಎಚ್‌ಐಡಿ ಎಂಬ ಬಿಳಿ ಹೆಡ್‌ಲೈಟ್ ದೀಪಗಳಲ್ಲಿ ಅತ್ಯಂತ ತೀಕ್ಷ್ಣವಾದ ಜೋಡಿಯನ್ನು ನಾನೇ ಆರಿಸಿ ಒಯ್ದೆ. ಅವನು ಪೆಟ್ಟಿಗೆ ತೆರೆದು ನೋಡಿ ಮುಖ ಕಿವಿಚಿದ.

“ಸರ್, ಈ ಬಲ್ಬಿಗೆ ಬ್ಯಾರೇನ ಡೋಮ್ ಬರ್ತದ್ರಿ, ಬಲ್ಬ್ ಕೂಡೋ ಕನ್ನಡಿ ಬಟ್ಟಲ. ನಿಮ್ಮ ಗಾಡೀದು ಹಳದಿ ಬಲ್ಬಿಗಂತ ಮಾಡಿದ್ದು. ಅದರಾಗ ಇದನ್ನ ತುರುಕಿದ್ರ ಬೆಳಕು ಒಂದ್ ಕಡಿ ನಿಲ್ಲಂಗಿಲ್ಲ, ಆಕಾಶಕ್ಕೂ ಹೋಗ್ತದ, ಗಿಡದ ಮ್ಯಾಲೂ ಹೋಗ್ತದ. ನಿಮಗೇನ್ ರಸ್ತಾ ಭಾಳ ಕಾಣಂಗಿಲ್ಲ. ಎದುರಿನವನ ಕಣ್ಣು ಮಾತ್ರ ಹೋಗ್ತಾವ.”

“ನನಗ ಗೊತ್ತದ.”

“ಗೊತ್ತಿದ್ದೂ ಹಾಕಸ್ತೀರಿ?”

“ಗೊತ್ತದ ಅಂತನ ಹಾಕಸಾಕತ್ತೀನಿ.”

ಮಹಬೂಬ ನಕ್ಕ. “ಅರೇ ಸರ್, ಯಾರ ಮ್ಯಾಲ್ರೀ ಇಷ್ಟು ಸಿಟ್ಟು? ಅಮ್ಮಾರ ಮ್ಯಾಲಂತೂ ಅಲ್ಲಲ್ಲ?”

ನಾನು ನಗಲಿಲ್ಲ. ಅವನು ಹೆಡ್‌ಲೈಟಿನ ಹಿಂದಿನ ರಬ್ಬರ್ ಮುಚ್ಚಳಕ್ಕೆ ತೂತು ಕೊರೆದು ವೈರು ಎಳೆದ. ಕರೆಂಟು ಏರಿಸುವ ಪುಟ್ಟ ಡಬ್ಬಿಗಳನ್ನು ಬಾನೆಟ್ಟಿನ ಒಳಗೆ ತಂತಿಯಿಂದ ಬಿಗಿದ.

ಅವನದೊಂದು ರೂಢಿಯಿದೆ. ಹೆಡ್‌ಲೈಟಿನ ಕೆಲಸ ಮುಗಿದ ಮೇಲೆ ಗಾಡಿಯನ್ನು ಎದುರಿನ ಗೋದಾಮಿನ ಗೋಡೆಗೆ ಮುಖಮಾಡಿ ಹದಿನೈದು ಹೆಜ್ಜೆ ದೂರ ನಿಲ್ಲಿಸಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯುತ್ತಾನೆ. ಬೆಳಕು ಆ ಗೆರೆಯ ಕೆಳಗೆ ಕೂರುವವರೆಗೆ ಸ್ಕ್ರೂ ತಿರುಗಿಸುತ್ತಾನೆ. ಗೆರೆ ದಾಟಿದರೆ ಎದುರಿನವನ ಕಣ್ಣಿಗೆ ಎಂಬುದು ಅವನ ಲೆಕ್ಕ. ಆ ಸಂಜೆ ಬೆಳಕು ಗೆರೆಯ ಕೆಳಗೆ ಕೂರಲೇ ಇಲ್ಲ. ನಾನು ಅವನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಎರಡೂ ದೀಪಗಳನ್ನು ಇನ್ನೂ ಎರಡು ಸುತ್ತು ಮೇಲಕ್ಕೆತ್ತಿದೆ.

ಮಹಬೂಬ ಗೋಡೆಯ ಗೆರೆಯನ್ನು ಅಂಗೈಯಿಂದ ಒರೆಸಿದ.

“ಇದು ನನ್ನ ಕೆಲಸ ಅಂತ ಯಾರ ಮುಂದೂ ಹೇಳಬ್ಯಾಡ್ರಿ ಸರ್.”

ಈ ದೀಪ ಒತ್ತಿದ ಕೂಡಲೇ ಪೂರ್ತಿ ಬೆಳಗುವುದಿಲ್ಲ. ಮೊದಲು ನೀಲಿ, ಆಮೇಲೆ ಬಿಳಿ. ಮನೆಯ ಕಾಂಪೌಂಡ್ ಗೋಡೆಯ ಮುಂದೆ ಕೈಗಡಿಯಾರ ಹಿಡಿದು ಅಳೆದೆ. ಆರು ಸೆಕೆಂಡು. ಜೀಪು ಎಷ್ಟು ದೂರವಿರುವಾಗ ಸ್ವಿಚ್ ಒತ್ತಬೇಕೆಂಬುದನ್ನೂ ಲೆಕ್ಕ ಹಾಕಿಟ್ಟೆ.

ಶುಕ್ರವಾರ ಬಂತು.

ಗಬ್ಬೂರು ದಾಟಿ, ಎರಡೂ ಬದಿಗೆ ಹತ್ತಿ ಹೊಲಗಳಿರುವ ಒಂದು ನೇರ ದಾರಿಯಲ್ಲಿ ಕಾರು ನಿಲ್ಲಿಸಿದೆ. ಎಂಜಿನ್ ಚಾಲೂ ಇತ್ತು. ದೀಪ ಆರಿಸಿದ್ದೆ. ಕಿಟಕಿಯಿಂದ ಹತ್ತಿಗೆ ಹೊಡೆದ ಔಷಧದ ಘಾಟು ಒಳಗೆ ಬರುತ್ತಿತ್ತು. ದೂರದಲ್ಲೆಲ್ಲೋ ಪಂಪ್‌ಸೆಟ್ಟಿನ ಸದ್ದು... ಅದೂ ನಿಂತಿತು.

“ಯಾಕ ನಿಲ್ಲಿಸಿದ್ರಿ?” ಹುಲಿಗೆಮ್ಮ ಕೇಳಿದಳು. ನನ್ನ ಬೆರಳು ದೀಪದ ಸ್ವಿಚ್ಚಿನ ಮೇಲಿದ್ದುದನ್ನು ಕಂಡು ಅವಳಿಗೆ ತಿಳಿಯಿತು. “ಅವ ಬರೋ ಹೊತ್ತಾತೇನು? ಹಣಿ ಒಡದಿದ್ದು ನಂದು. ನಾನ ಬಿಟ್ಟೀನಿ. ನೀವ್ಯಾಕ ಹಿಡ್ಕೊಂಡು ಕುಂತೀರಿ?”

“ಹಣಿ ನಿಂದು. ಮಾತು ನಮ್ಮಪ್ಪಗ ಅಂದಾನ.”

“ಮಾವನವ್ರು ಇದ್ದಿದ್ರ ಇದಕ್ಕ ನಿಮಗ ನಾಕು ಬಾರಸ್ತಿದ್ರು. ನಡೀರಿ ಮನಿಗೆ.”

ದೂರದಲ್ಲಿ ಎರಡು ಬಿಳಿ ಚುಕ್ಕೆಗಳು ಕಂಡವು. ಅವುಗಳ ಮೇಲೆ ಇನ್ನೆರಡು. ಅವನದೇ. ನಾನು ಮನಸ್ಸಿನಲ್ಲಿ ಎಣಿಸಿ ಸ್ವಿಚ್ ಒತ್ತಿದೆ.

ಬಾನೆಟ್ಟಿನ ಒಳಗೆ ಗುಂಯ್ ಎಂದು ಸಣ್ಣ ಸದ್ದು ಹುಟ್ಟಿತು. ಹೊಲವೆಲ್ಲ ಒಂದು ಕ್ಷಣ ನೀಲಿಯಾಯಿತು. ಮೂರು... ನಾಲ್ಕು... ಐದು... ಆಮೇಲೆ ಬಿಳಿ. ಒಡೆದು ನಿಂತ ಹತ್ತಿಕಾಯಿಗಳೆಲ್ಲ ಒಮ್ಮೆಗೇ ಕಣ್ಣು ಬಿಟ್ಟಂತಾಯಿತು. ಜೀಪು ಹಾರ್ನ್ ಒತ್ತಿತು, ಎಡಕ್ಕೆ ಬಲಕ್ಕೆ ಓಲಾಡಿತು, ರಸ್ತೆ ಬಿಟ್ಟು ತಗ್ಗಿಗೆ ಇಳಿದು ನಿಂತಿತು. ಎಂಜಿನ್ ಕೆಟ್ಟಿತು, ಅದರ ದೀಪಗಳೂ ಆರಿದವು. ಸಾವುಕಾರ ಬಾಗಿಲು ತೆರೆದು ಇಳಿದ. ಗಾಯವಾಗಿರಲಿಲ್ಲ. ಮುಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದು ಮಣ್ಣಿನಲ್ಲಿ ತಡವರಿಸಿದ.

“ಯಾವನಪ್ಪಾ ಅದು... ಲೈಟ್ ಇಳಸೋ... ಕಣ್ಣ ಕಾಣವಲ್ವು...”

ನಾನು ಊಹಿಸಿದ್ದಂತೆಯೇ ಇತ್ತು, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಬಾಗಿಲು ತೆರೆದು ಒಂದು ಕಾಲನ್ನು ರಸ್ತೆಗಿಟ್ಟೆ. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆಗ ಹುಲಿಗೆಮ್ಮ ನನ್ನ ಮಣಿಕಟ್ಟನ್ನು ಹಿಡಿದಳು. ಅವಳ ಉಗುರು ನನ್ನ ಚರ್ಮಕ್ಕೆ ಇಳಿಯಿತು.

“ರೀ... ಯಾರ್ರೀ ಅಷ್ಟು ಮಂದಿ?”

ಜೀಪಿನ ಆಚೆ, ರಸ್ತೆಯ ಮೇಲೆ, ಜನ ಬರುತ್ತಿದ್ದರು. ಗಂಡಸರು, ಹೆಂಗಸರು, ತಲೆಯ ಮೇಲೆ ಮೇವಿನ ಹೊರೆ ಹೊತ್ತವರು. ಅಷ್ಟು ಜನ ಬಂದರೂ ಮಾತಿನ ಸದ್ದಿಲ್ಲ. ನನ್ನ ಬೆಳಕು ತಾಗಿದ ಕೂಡಲೇ ಒಬ್ಬೊಬ್ಬರೂ ನಿಲ್ಲುತ್ತಿದ್ದರು. ಬಾಗಿ ಚಪ್ಪಲಿ ಕಳಚುತ್ತಿದ್ದರು. ಅವನ್ನು ಕೈಯಲ್ಲಿ ಹಿಡಿದು ರಸ್ತೆ ಬಿಟ್ಟು ಹತ್ತಿಯ ಒಳಗೆ ಇಳಿದು, ನನಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಒಬ್ಬರ ನಂತರ ಒಬ್ಬರು... ಒಬ್ಬರ ನಂತರ ಒಬ್ಬರು...

ಬೆಳಕಿನ ಪಾಠ ಮಾಡಿದವನಾದ್ದರಿಂದ ನನ್ನ ಕಣ್ಣು ಇನ್ನೊಂದನ್ನೂ ಗಮನಿಸಿತು. ಸಾವುಕಾರನ ನೆರಳು ಉದ್ದಕ್ಕೆ ಬಿದ್ದಿತ್ತು. ಹತ್ತಿಗಿಡಗಳ ನೆರಳೂ ಬಿದ್ದಿತ್ತು. ಅವರದು ಒಬ್ಬರದೂ ಇರಲಿಲ್ಲ.

ಕೊನೆಯಲ್ಲಿ ಒಬ್ಬ ಎತ್ತರದ ಮನುಷ್ಯ ಬಂದ. ಮೊಣಕಾಲವರೆಗಿನ ಧೋತರ. ಅದರ ಚುಂಗು ಹಿಡಿದು ಒಂದು ಮಗು. ಆತ ಎಲ್ಲರಂತೆ ಹೊಲಕ್ಕಿಳಿದು ಬೆನ್ನು ತಿರುಗಿಸಿದ. ಆ ಬೆನ್ನನ್ನು ಗುರುತಿಸಲು ನನಗೆ ಮುಖ ಬೇಕಾಗಲಿಲ್ಲ. ಅದು ನನ್ನ ತಂದೆಯ ಬೆನ್ನು.

ಮಗು ತಿರುಗಲಿಲ್ಲ. ಅದರ ಅಂಗಿಯ ಹರಿದ ಜೇಬನ್ನು ನೀಲಿ ದಾರದಿಂದ ಹೊಲಿಯಲಾಗಿತ್ತು. ಆ ಹೊಲಿಗೆ ಹಾಕಿದವಳು ನನ್ನ ತಾಯಿ. ಆ ಅಂಗಿ ನನ್ನದು. ಆಗ ನನಗೆ ಆರು ವರ್ಷ. ಮಗು ಕಣ್ಣು ಮಿಟುಕಿಸದೆ ನನ್ನ ದೀಪಗಳನ್ನೇ ನೋಡುತ್ತಿತ್ತು. ಬೆಳಕಿನ ಹಿಂದೆ ಯಾರು ಕುಳಿತಿದ್ದಾರೆಂಬುದು ಅದಕ್ಕೆ ಕಾಣುತ್ತಿರಲಿಲ್ಲ. ಆದರೆ ಹಾಗೆ ಕುಳಿತವನ ಮೇಲೆ ಅದಕ್ಕೆ ಎಷ್ಟು ಸಿಟ್ಟಿತ್ತೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಸ್ವಿಚ್ ಆರಿಸಿದೆ.

ಕತ್ತಲೆ. ಗುಂಯ್ ಎನ್ನುವ ಸದ್ದು ನಿಂತಿತು. ಬಾನೆಟ್ಟಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಹತ್ತಿಯ ಒಣ ಎಲೆಗಳ ನಡುವೆ ಬರಿಗಾಲುಗಳ ಸರಸರ ಸದ್ದು... ಬಹಳ ಹೊತ್ತು.

ತಗ್ಗಿನಿಂದ ಸಾವುಕಾರನ ದನಿ ಬಂತು. ಈಗ ಅದರಲ್ಲಿ ಗತ್ತಿರಲಿಲ್ಲ. “ಯಾರೋ ಮಂದಿ ಹೊಲಕ್ಕ ಇಳದಂಗ ಆತಲ್ಲ... ಯಾರ್ರೀ ಅದು? ಮಾತಾಡ್ರಲ್ಲ...”

ಅಷ್ಟು ದಿನ ತೂಗಿಟ್ಟ ಉತ್ತರ ಹಾಗೆಯೇ ಉಳಿಯಿತು. ಬಾಗಿಲು ಎಳೆದುಕೊಂಡು, ಚಿಕ್ಕ ಪಾರ್ಕಿಂಗ್ ದೀಪಗಳನ್ನಷ್ಟೇ ಹಾಕಿಕೊಂಡು, ನಡೆಯುವ ವೇಗದಲ್ಲಿ ಅವನನ್ನು ದಾಟಿ ಬಂದೆ. ಹುಲಿಗೆಮ್ಮ ರಾಯಚೂರಿನವರೆಗೆ ಸೆರಗನ್ನು ಮುಖದಿಂದ ತೆಗೆಯಲಿಲ್ಲ.

ಮರುದಿನವೇ ಮಹಬೂಬನ ಹತ್ತಿರ ಹೋಗಿ ಹಳೆಯ ಹಳದಿ ಬಲ್ಬುಗಳನ್ನು ಹಾಕಿಸಿದೆ. ಅವನು ಡೋಮ್ ಬಿಚ್ಚಿ ತೋರಿಸಿದ. “ಒಂದ ರಾತ್ರಿಗೆ ಒಳಗಿನ ಬೆಳ್ಳಿ ಸುಟ್ಟದ ನೋಡ್ರಿ. ಎಷ್ಟು ತಾಸು ಉರಿಸಿದ್ರಿ?” ಎರಡು ನಿಮಿಷ ಎಂದೆ. ಅವನು ನಂಬಲಿಲ್ಲ. ಬೆಳಕನ್ನು ಸೀಮೆಸುಣ್ಣದ ಗೆರೆಯ ಕೆಳಗೆ ಕೂರಿಸಿಯೇ ಕಾರು ಕೊಟ್ಟ.

ತೀಕ್ಷ್ಣ ಬೆಳಕಿನಿಂದ ಕಣ್ಣಿಗೆ ಭ್ರಮೆಯಾಗುತ್ತದೆಂದು ನನಗೆ ಪಾಠ ಹೇಳಲು ಬರುವವರು ಒಂದು ಪ್ರಶ್ನೆಗೆ ಉತ್ತರಿಸಲಿ. ಇಬ್ಬರಿಗೆ ಒಂದೇ ಭ್ರಮೆ ಹೇಗಾಗುತ್ತದೆ? ಹುಲಿಗೆಮ್ಮನನ್ನು ನಾನು ಕೇಳಿದ್ದೇನೆ. ಅವಳು ಒಮ್ಮೆ ಮಾತ್ರ ಬಾಯಿ ಬಿಟ್ಟಳು: “ಆ ಹುಡುಗನ ಜೇಬು ಹೊಲದಿತ್ತಲ್ಲ...” ಅಷ್ಟೇ. ನಾನು ಅವಳಿಗೆ ಜೇಬಿನ ವಿಷಯ ಹೇಳಿರಲಿಲ್ಲ.

ಸಾವುಕಾರ ಈಗ ನನ್ನ ಕಾರು ಎರಡು ಫರ್ಲಾಂಗು ದೂರವಿರುವಾಗಲೇ ದೀಪ ಇಳಿಸುತ್ತಾನೆ. ಅವನಿಗೆ ಏನು ಗೊತ್ತು, ಎಷ್ಟು ಗೊತ್ತು, ನಾನು ಕೇಳಿಲ್ಲ. ಅವನನ್ನು ಕ್ಷಮಿಸಿಯೂ ಇಲ್ಲ. ಚಹಾದಂಗಡಿಯ ಆ ನಾಲ್ವರನ್ನೂ ಕ್ಷಮಿಸಿಲ್ಲ. ಆದರೆ ಈಗ ಆ ದಾರಿಯಲ್ಲಿ ನಾನು ಭಯಪಡುವುದು ಬೇರೊಬ್ಬನಿಗೆ.

ಹೋದ ಮಂಗಳವಾರ ನಾನೊಬ್ಬನೇ ಮರಳುವಾಗ ಅದೇ ಜಾಗದಲ್ಲಿ, ಡಿಪ್ ಮಾಡಿದ ಹಳದಿ ಬೆಳಕಿನ ಅಂಚಿಗೆ, ಚಿಕ್ಕದೊಂದು ಆಕೃತಿ ಕಂಡಿತು. ಈ ಸಲ ಅದು ಹೊಲದಲ್ಲಿರಲಿಲ್ಲ. ಡಾಂಬರಿನ ಮೇಲೆ, ನಟ್ಟನಡುವೆ ನಿಂತಿತ್ತು. ದಾರಿ ಬಿಡಲಿಲ್ಲ.

ಕಾರು ನಿಲ್ಲಿಸಿದೆ. ದೀಪ ಆರಿಸಿದೆ. ಕಿಟಕಿ ಇಳಿಸಿ ಮೆಲ್ಲಗೆ ಅಂದೆ, “ನೀ ಮೊದಲ ದಾಟಪ್ಪಾ... ನಾ ನಿಂತೀನಿ.”

ಕತ್ತಲೆಯಲ್ಲಿ ಫಟ್ ಎಂದು ಗಾಜು ಒಡೆಯಿತು.

ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದೆ. ಎಡಗಡೆಯ ಹೆಡ್‌ಲೈಟು ಪುಡಿಯಾಗಿತ್ತು. ಡೋಮಿನೊಳಗೆ ಮಗುವಿನ ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕ ಕಲ್ಲು. ಆರು ವರ್ಷದವನಿದ್ದಾಗ, ಒಂದು ಸಂಜೆ, ಆ ಮನೆಯ ಬಂಡಿಯ ಕೆಳಗೆ ತೂಗುತ್ತಿದ್ದ ಲಾಟೀನಿಗೆ ಎಸೆಯಲೆಂದು ನಾನೂ ಅಂಥದೊಂದು ಕಲ್ಲು ಹಿಡಿದಿದ್ದೆ. ನನ್ನ ತಂದೆ ಒಂದೊಂದೇ ಬೆರಳು ಬಿಡಿಸಿ ಅದನ್ನು ಕಿತ್ತುಕೊಂಡಿದ್ದರು. ಈ ಮಗುವಿನ ಬೆರಳು ಬಿಡಿಸಲು ಮಂಗಳವಾರ ಯಾರೂ ಇರಲಿಲ್ಲ.

ಆ ಹುಡುಗ ಒಂದು ಗಾಜಿಗೆ ತೃಪ್ತನಾಗುವವನಲ್ಲ. ಅವನ ಸ್ವಭಾವ ನನಗೆ ಗೊತ್ತು. ಬಲಗಡೆಯದು ಇನ್ನೂ ಇದೆ... ಅದರ ಹಿಂದೆ ನಾನಿದ್ದೇನೆ.

ನಾಳೆ ಶುಕ್ರವಾರ. ಹೊಲದಲ್ಲಿ ಹತ್ತಿ ಇನ್ನೂ ಅರ್ಧ ಬಿಡಿಸುವುದಿದೆ.