ಕಣದ ಮೇಸ್ತ್ರಿ

ದೋಣಿಗಲ್ ಕಡೆ ನಾವು ಕೂಲಿಗೆ ಹೋಗೋ ಎಸ್ಟೇಟಿನಲ್ಲಿ ಕಾಫಿ ಒಣಗಿಸೋ ಕಣಕ್ಕೆ ಸಣ್ಣಯ್ಯ ಅಂತ ಒಬ್ಬ ಮೇಸ್ತ್ರಿ. ತನಗೆ ಸೀನು ಬಂದರೂ ಹೆಣ್ಣಾಳುಗಳ ತಪ್ಪು ಅನ್ನೋನು. ಕಣದ ಅಂಚಲ್ಲಿ ಉದ್ದನೆ ಮರಕ್ಕೆ ಟಾರ್ಪಾಲು ಸುತ್ತಿರುತ್ತೆ. ಮಳೆ ಬಂದರೆ ಮರದ ತುದಿಗೆ ಸುತ್ತಿರೋ ಹಗ್ಗ ಎಳೀಬೇಕು, ಮರ ತಿರುಗಿ ಟಾರ್ಪಾಲು ಕಾಫಿ ಮೇಲೆ ಬಿಚ್ಚಿಕೊಳ್ಳುತ್ತೆ. ಬೆಳಿಗ್ಗೆ ಟಾರ್ಪಾಲು ಸುತ್ತುವಾಗ ಹಗ್ಗವೂ ಮರಕ್ಕೆ ಸುತ್ತಿಕೊಳ್ಳುತ್ತೆ; ಅದನ್ನ ಒಬ್ಬರು ಬಿಗಿಯಾಗಿ ಹಿಡಿದಿರಬೇಕು, ಇಲ್ಲದಿದ್ದರೆ ಸುತ್ತಿನ ಮೇಲೆ ಸುತ್ತು ಕೂತು ಕಚ್ಚಿಕೊಳ್ಳುತ್ತೆ. “ಹಗ್ಗ ಹಿಡಿಯೋಕೊಂದು ಆಳು ದಂಡ” ಅಂತ ಇವನು ಆ ಆಳನ್ನೂ ಹಣ್ಣು ಕೊಯ್ಯೋಕೆ ಕಳಿಸ್ತಾನೆ. ಆಮೇಲೆ ಮೋಡ ಕವಿದು ಹಗ್ಗ ಕಚ್ಚಿಕೊಂಡರೆ ಹಗ್ಗ ನೋಡಲ್ಲ, ನಮ್ಮ ಮುಖ ನೋಡ್ತಾನೆ. “ಬೆಳಿಗ್ಗೆ ಮುದ್ದೆ ಉಂಡಿಲ್ವೇನ್ರೇ? ಎಳೀರೇ!” ಎಳೆದಷ್ಟೂ ಅದು ಬಿಗಿಯುತ್ತೆ. ಮೊನ್ನೆ ಹನಿ ಬಿದ್ದಾಗ ನಮ್ಮ ಜೊತೆಯ ದ್ಯಾವಮ್ಮನಿಗೆ, “ಇವರು ಎಳೀತಿರ್ತಾರೆ, ನೀನು ಕೈ ಹಾಕಿ ಸುತ್ತು ಬಿಡಿಸು. ಆಗಲ್ಲ ಅಂದ್ರೆ ನಾಳೆಯಿಂದ ಬರಬ್ಯಾಡ” ಅಂದ. “ಹಗ್ಗ ಜಾರಿದ್ರೆ ಬೆರಳು ಹೋಗ್ಬುಡ್ತವೆ ಕಣಣ್ಣ, ನೀನೇ ಹಾಕು” ಅಂದಳು ಅವಳು. ಸಣ್ಣಯ್ಯ ಎರಡು ಬೆರಳಿಲ್ಲದ ತನ್ನ ಬಲಗೈ ಎತ್ತಿ ತೋರಿಸಿದ. “ನಾನು ಆಳಾಗಿದ್ದಾಗ ಹಾಕಿದ್ದೆ ಕಣೇ. ಆಗ ನನ್ನ ಮೇಸ್ತ್ರಿ ಹಾಕಿದ್ನಾ?” ದ್ಯಾವಮ್ಮ ಆ ಕೈಯನ್ನೇ ನೋಡ್ತಾ ತನ್ನ ಕೈ ಹಾಕಿದಳು.