ಅಚ್ಚಿನ ಮೂಲೆಯ ಬಿರುಕು

ಉಕ್ಕಿನ ವಿಷಯದಲ್ಲಿ ಯಾರಾದರೂ ಪವಾಡದ ಮಾತೆತ್ತಿದರೆ ನಾನು ನಕ್ಕುಬಿಡುತ್ತಿದ್ದೆ. ಲೋಹಶಾಸ್ತ್ರ ಓದಿದವಳು. ಒಮ್ಮೆ ಬಿರಿದ ಉಕ್ಕು ತಾನಾಗಿ ಕೂಡಿಕೊಳ್ಳುವುದಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ಆದ್ದರಿಂದಲೇ ಇದನ್ನು ಬರೆಯಲು ನಾಚಿಕೆ.

ಗೆಜ್ಜಲಗೆರೆಯ ಸಣ್ಣ ಕಾರ್ಖಾನೆಯೊಂದರಲ್ಲಿ, ಕರಗಿದ ಅಲ್ಯೂಮಿನಿಯಂ ಎರಕ ಹೊಯ್ಯುವ ಅಚ್ಚುಗಳಿಗೆ ಹದ ಕೊಡಿಸುವುದು ನನ್ನ ಕೆಲಸ. ಎಷ್ಟು ಬಿಸಿ ತಾಗಿದರೂ ಬೇಗ ಮೆತ್ತಗಾಗದ ಉಕ್ಕು ಅದು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬೇಗ ಆರಿಸಿದರೆ ಗಡಸಾಗುತ್ತದೆ, ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಪೂರ್ತಿ ತಣ್ಣಗಾಗುವ ಮೊದಲೇ, ಕೈಗೆ ಬೆಚ್ಚಗಿರುವಾಗಲೇ, ಎರಡನೇ ಕುಲುಮೆಗೆ ಹಾಕಿ ಕಡಿಮೆ ಶಾಖದಲ್ಲಿ ಹದಗೊಳಿಸಬೇಕು. ತಡವಾದರೆ ಬಿರಿಯಬಹುದು.

ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ, ಅಚ್ಚು ಆರುತ್ತಿರುವಾಗಲೇ ಕರೆಂಟು ಹೋಗಿ ಎರಡನೇ ಕುಲುಮೆ ನಿಂತುಹೋಯಿತು. ಕುಲುಮೆ ನೋಡಿಕೊಳ್ಳುವ ಜಯಮ್ಮ ಚಿಕ್ಕರಸಿನಕೆರೆಯವಳು. ಹಿಂದೊಮ್ಮೆ ಅವಳ ಪಾಳಿಯಲ್ಲಿ ಅಚ್ಚೊಂದು ಬಿರಿದಿತ್ತು. ಇನ್ನೊಂದು ಹೋದರೆ ಕೆಲಸ ಬಿಡಿಸುವುದಾಗಿ ಯಜಮಾನರು ಹೇಳಿದ್ದರು. ಅವಳು ಎಲ್ಲಿಂದಲೋ ಕಂಬಳಿ ತಂದು ಅಚ್ಚಿಗೆ ಹೊದಿಸಿದಳು. ಎದುರಿನ ಹೋಟೆಲಿನ ಒಲೆಯಿಂದ ಬಾಣಲೆಯಲ್ಲಿ ಕೆಂಡ ತಂದು ಪಕ್ಕಕ್ಕಿಟ್ಟಳು. ನನಗೆ ನಗು ಬಂತು.

"ಬಾಣಂತಿ ಇದ್ದಂಗೆ ಕಣ್ರೀ ಮೇಡಮ್ಮೋರೆ, ಥಂಡಿ ಸೋಕುಸ್ಬಾರ್ದು. ನಗ್ಬೇಡಿ, ನಿಮ್ಗೂ ಒಂದಿನ ಬತ್ತದೆ."

ಸಂಜೆ ಕರೆಂಟು ಬಂದಾಗ ಕಂಬಳಿ ಸರಿಸಿ ಟಾರ್ಚು ಬಿಟ್ಟು ನೋಡಿದೆ. ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು. ಅಡ್ಡಲಾಗಿ ಉಗುರು ಎಳೆದೆ, ತಡೆಯಿತು. ಅಲ್ಲೇ ನಿಂತು ಯಜಮಾನರಿಗೆ ಫೋನು ಮಾಡಿದೆ. "ಆಯಮ್ಮಂಗೆ ನಾಳೆಯಿಂದ ಬರ್ಬೇಡ ಅನ್ನಿ" ಎಂದರು. ಹಾಗೆಯೇ ಹೇಳಿದೆ.

ಜಯಮ್ಮ ಬಗ್ಗಿ ನೋಡಿದಳು. "ಎಲ್ಲದೆ ಬಿರುಕು? ಇನ್ನೂ ಬೆಚ್ಚಗದೆ, ಮುಟ್ಟಿ ನೋಡಿ."

ನಾನು ಮುಟ್ಟಲಿಲ್ಲ. ಅವಳು ರಾಟೆಯಿಂದ ಅಚ್ಚನ್ನೆತ್ತಿ ಕುಲುಮೆಗೆ ಸೇರಿಸಿ, ಬಾಗಿಲು ಮುಚ್ಚಿ, ಕಂಬಳಿ ಮಡಚಿಕೊಂಡು ಬಸ್ಸಿಗೆ ಹೊರಟಳು.

ಮರುದಿನ ಹೊರತೆಗೆದ ಅಚ್ಚಿಗೆ ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಪುಡಿ ಹಾಕಿದೆ. ಬಿರುಕಿದ್ದರೆ ಕೆಂಪು ಗೆರೆ ಮೂಡಬೇಕು. ಮೂಡಲಿಲ್ಲ. ಮತ್ತೆ ಬಳಿದೆ. ಬೇರೆ ಮೂಲೆಗಳಿಗೂ ಬಳಿದೆ. ಏನೂ ಇಲ್ಲ.

ವಿಷಯ ತಿಳಿದ ಮೇಲೆ ಯಜಮಾನರೇ ಅವಳನ್ನು ಮತ್ತೆ ಕರೆಸಿದರು. "ಕನ್ನಡಕ ಮಾಡುಸ್ಕಳಿ ಮೇಡಮ್ಮೋರೆ" ಎಂದಷ್ಟೇ ಹೇಳಿದಳು. ಮಂಡ್ಯದ ಕಣ್ಣಿನ ಡಾಕ್ಟರು ದೃಷ್ಟಿ ಸರಿಯಾಗಿದೆ ಎಂದರು.

ಕಂಬಳಿಯ ಎಳೆ ಅಂಟಿತ್ತೇ? ಎಳೆಯಾಗಿದ್ದರೆ ಉಗುರಿಗೆ ಕಿತ್ತು ಬರುತ್ತಿತ್ತು. ಗೀರಾಗಿದ್ದರೆ ಮರುದಿನವೂ ಇರಬೇಕಿತ್ತು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನೆನೆದಷ್ಟು ಸಲವೂ ಆ ಬಿರುಕು ತುಸು ಉದ್ದವಾಗುತ್ತದೆ. ಉಕ್ಕೇ ಕೂಡಿಕೊಂಡಿರಲಿ ಎಂದು ಒಳಗೊಳಗೇ ಆಸೆಪಡುತ್ತೇನೆ. ಹಾಗಾಗಿದ್ದರೆ, ಒಂದು ರಾತ್ರಿಯ ಮಟ್ಟಿಗೆ ಅವಳ ಅನ್ನ ಕಿತ್ತುಕೊಂಡರೂ, ನಾನು ಇಲ್ಲದ್ದನ್ನು ಹೇಳಲಿಲ್ಲ, ಬಿರುಕು ನಿಜವಾಗಿ ಇತ್ತು ಎಂದಾದರೂ ಆಗುತ್ತದೆ. ಓದಿದ್ದೆಲ್ಲ ಸುಳ್ಳಾಗಲಿ ಎಂದು ಬಯಸುವಷ್ಟು ಸಣ್ಣವಳಾಗಿದ್ದೇನೆ.

ಈಗ ಯಾವ ಅಚ್ಚು ಪರೀಕ್ಷಿಸುವಾಗಲೂ ಜಯಮ್ಮನನ್ನು ಕರೆಯುತ್ತೇನೆ. ಅವಳು ಬಂದು, ಅಚ್ಚು ನೋಡುವ ಮೊದಲು ನನ್ನ ಮುಖ ನೋಡುತ್ತಾಳೆ.