ನನಗೆ ಬಾರದ ಜ್ವರ

ಶಾಂತಮ್ಮಕ್ಕಾ, ಆ ಭಾನುವಾರ ನನಗೆ ಜ್ವರ ಬಂದೇ ಇರಲಿಲ್ಲ. ಇಷ್ಟು ವರ್ಷಗಳಿಂದ ನೀವು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೀರಲ್ಲ, ಪ್ರಾರ್ಥನೆಯಿಂದ ನಾನು ವಾಸಿಯಾದ ಕಥೆ — ಅದು ಸುಳ್ಳು. ಹೇಳಿದವಳು ನಾನು.

ಹೆಬ್ಬಾಳದ ನಮ್ಮ ಸಭೆಯಲ್ಲಿ ಆಗ ಬೆರಳೆಣಿಕೆಯಷ್ಟು ಮನೆಗಳು. ಹೆಂಚಿನ ಪ್ರಾರ್ಥನಾಮಂದಿರ, ಅಲ್ಲಲ್ಲಿ ಉಸಿರು ಕಟ್ಟುವ ಹಾರ್ಮೋನಿಯಂ, ಅದರ ಮುಂದೆ ನೀವು. ಮುಖ್ಯ ರಾಗಕ್ಕೆ ಹೊಂದಿಸಿ ಎರಡನೆಯ ದನಿಯಲ್ಲಿ ಹಾಡುವುದನ್ನು ನನಗೆ ಕಲಿಸಿದವರೂ ನೀವೇ. ಆ ವರ್ಷ ಪೇಟೆಯ ದೊಡ್ಡ ಚರ್ಚಿನವರು ನಿಮ್ಮನ್ನು ಕರೆದಿದ್ದರು, ಅಲ್ಲಿನ ಮಕ್ಕಳಿಗೆ ಹಾಡು ಕಲಿಸಲು. ನಿಮಗೆ ಆಸೆಯಿತ್ತು, ನಿಮ್ಮ ಮುಖ ನೋಡಿದರೇ ತಿಳಿಯುತ್ತಿತ್ತು. ನಮ್ಮವರೆಲ್ಲ ಗುಸುಗುಸು: "ಶಾಂತಮ್ಮ ಹೋದ್ರೆ ನಮ್ಗೆ ಹಾಡೋರ್ಯಾರು?" ಸಭೆ ಬಿಡುವುದು ದ್ರೋಹ ಎಂದು ನಿಮ್ಮ ಬೆನ್ನ ಹಿಂದೆ ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನು — ನನ್ನ ಬಾಯಿ ನಿಮಗೆ ಗೊತ್ತಲ್ಲ.

ಆದರೂ ಆ ಚರ್ಚಿನ ಆರ್ಗನ್ ಒಮ್ಮೆ ಕೇಳದೆ ಜೀವ ತಡೆಯಲಿಲ್ಲ. ನನಗಿನ್ನೂ ಮದುವೆಯಾಗಿರಲಿಲ್ಲ, ಅಮ್ಮ ಪುಟ್ಟೇನಹಳ್ಳಿಗೆ ಚಿಕ್ಕಮ್ಮನ ಬಾಣಂತನಕ್ಕೆ ಹೋಗಿದ್ದಳು, ಮನೆಯಲ್ಲಿ ನಾನೊಬ್ಬಳೇ. ಜ್ವರ, ನಾಳೆ ಬರಲಾಗುವುದಿಲ್ಲ ಎಂದು ಶನಿವಾರ ಸಂಜೆಯೇ ನಿಮಗೆ ಹೇಳಿಕಳಿಸಿದೆ. ಬೆಳಗಾಗುತ್ತಲೇ ರೇಷ್ಮೆ ಸೀರೆ ಉಟ್ಟು ಬಸ್ಸು ಹತ್ತಿದೆ. ಅಬ್ಬಾ, ಅಕ್ಕಾ, ಆ ಆರ್ಗನ್ — ನನ್ನ ಎದೆಯೊಳಗೇ ಯಾರೋ ಕೂತು ನುಡಿಸಿದ ಹಾಗಿತ್ತು. ಎಷ್ಟು ಸುಖಪಟ್ಟೆನೆಂದರೆ, ನಮ್ಮ ಪದ್ಧತಿಯೊಂದನ್ನು ಮರೆತೇಬಿಟ್ಟಿದ್ದೆ.

ಸಭೆಯಲ್ಲಿ ಯಾರೇ ಕಾಯಿಲೆ ಬೀಳಲಿ, ಆರಾಧನೆ ಮುಗಿಸಿ ಎಲ್ಲರೂ ಅವರ ಮನೆಗೆ ಹೋಗಿ ಹಾಡಿ ಪ್ರಾರ್ಥಿಸಬೇಕು. ಬಸ್ಸಿಳಿದು ನೋಡುತ್ತೇನೆ — ಕೆರೆ ಏರಿಯ ಮೇಲೆ ನೀವು, ನಮ್ಮ ಪಾದ್ರಿ ಐನೋರು, ಇಡೀ ಸಭೆ ನಮ್ಮ ಮನೆಯತ್ತ ಬರುತ್ತಿದೆ. ಎದ್ದೆನೋ ಬಿದ್ದೆನೋ ಎಂದು ಹಿತ್ತಲ ದಾರಿಯಲ್ಲಿ ಓಡಿ, ಚಪ್ಪಲಿ ಸಮೇತ ಕಂಬಳಿ ಹೊದ್ದು ಮಲಗಿದೆ.

ನೀವು ಹಾಡಿದಿರಿ, ಐನೋರು ಪ್ರಾರ್ಥಿಸಿದರು. ಓಡಿ ಬಂದ ಮೈ, ಮೇಲೆ ಕಂಬಳಿ — ಒಳಗೆ ನಾನು ಬೆಂದುಹೋಗುತ್ತಿದ್ದೆ. ನೀವು ಹಣೆ ಮುಟ್ಟಿದಿರಿ.

"ಐನೋರೇ, ಇಲ್ನೋಡಿ, ಬೆವರು ಕಿತ್ಕೊಂಡ್ ಬರ್ತಾ ಇದೆ. ಹುಡ್ಗಿಗೆ ಜ್ವರ ಬಿಡ್ತು."

ಎಲ್ಲರೂ ದೇವರಿಗೆ ಸ್ತೋತ್ರ ಎಂದರು. ನೀವು ಮತ್ತೊಂದು ಹಾಡು ಎತ್ತಿದಿರಿ. ನನ್ನ ಪಾಪಿ ಬಾಯಿ ಸುಮ್ಮನಿರಲಾರದೆ ಕಂಬಳಿಯೊಳಗಿನಿಂದಲೇ ಎರಡನೆಯ ದನಿ ಸೇರಿಸಿತು. ಆ ನಗು, ಆ ಕಣ್ಣೀರು, ನೀವು ತಂದಿದ್ದ ಮೆಣಸಿನ ಸಾರು... ಅಂಥ ಸಂತೋಷದ ಮಧ್ಯಾಹ್ನ ನನ್ನ ಬಾಳಿನಲ್ಲಿ ಮತ್ತೊಂದಿಲ್ಲ. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಮುಂದಿನ ಭಾನುವಾರ ಸಭೆಯ ಮುಂದೆ ನಿಂತು, ಪ್ರಾರ್ಥನೆಯಿಂದಲೇ ವಾಸಿಯಾದೆ ಎಂದು ಸಾಕ್ಷಿಯನ್ನೂ ಹೇಳಿದೆ — ದೇವರ ಮನೆಯಲ್ಲಿ, ನಾಚಿಕೆಯಿಲ್ಲದೆ.

ನಾನು ಕೂರುತ್ತಲೇ ನೀವು ಎದ್ದಿರಿ. "ದೇವ್ರು ಇಲ್ಲೇ ಇಷ್ಟು ಕೆಲ್ಸ ಮಾಡ್ತಾ ಇದ್ದಾನೆ. ನಾನ್ಯಾಕೆ ಬೇರೆ ಕಡೆ ಹೋಗ್ಲಿ?" ಎಂದಿರಿ. ಪೇಟೆಯವರಿಗೆ ಬರುವುದಿಲ್ಲವೆಂದು ಹೇಳಿಕಳಿಸಿದಿರಿ. ನಾನು ಹಾಡಿನ ಪುಸ್ತಕ ತೆರೆದು ಮುಖ ಮರೆಸಿಕೊಂಡೆ. ಆದರೆ ಒಳಗೊಳಗೆ — ಅದನ್ನೂ ಹೇಳಿಬಿಡುತ್ತೇನೆ — ಕುಣಿಯುವಷ್ಟು ಖುಷಿಯಾಗಿತ್ತು.

ಆಮೇಲೆ ಎಷ್ಟೆಲ್ಲ ಸುಖ ಉಂಡೆ. ಕ್ರಿಸ್‌ಮಸ್‌ಗೆ ಕಜ್ಜಾಯ ಸುಡುತ್ತ ನಿಮ್ಮ ಜೊತೆ ಹಾಡಿದೆ, ನನ್ನ ಮದುವೆಗೆ ನಿಮ್ಮಿಂದ ಹಾಡಿಸಿಕೊಂಡೆ, ಈಗ ನನ್ನ ಮಗಳೂ ನಿಮ್ಮ ಪಕ್ಕದಲ್ಲಿ ಕೂತು ಸ್ವರ ಹಿಡಿಯುತ್ತಾಳೆ. ಜನ ನಮ್ಮಿಬ್ಬರನ್ನೂ ನಿಷ್ಠೆಯವರೆನ್ನುತ್ತಾರೆ. ನೀವು ಹೌದು. ನಾನು —

ಮೊನ್ನೆ ಪೇಟೆಯವರು ಮತ್ತೆ ಬಂದು ಕೇಳಿದಾಗ, ನನ್ನ ಕಥೆಯನ್ನೇ ಹೇಳಿ ಅವರನ್ನು ನಗುತ್ತ ಕಳಿಸಿದಿರಿ. ಅವರು ಹೋದ ಮೇಲೆ ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದಿರಿ. ಆಗ ನಿಮ್ಮ ಮುಖದಲ್ಲಿ ನಗುವಿರಲಿಲ್ಲ.

ಬರುವ ಭಾನುವಾರ ಇದನ್ನು ಸಭೆಗೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮಗೆ ಹೇಳಬೇಕೆನಿಸಿತು. ಬೈಯಿರಿ, ಮಾತು ಬಿಡಿ. ಆದರೆ ಪೇಟೆಯವರಿಗೆ ಇನ್ನೊಮ್ಮೆ ಉತ್ತರ ಕೊಡಿ, ಈ ಸಲ ನಿಮ್ಮ ಮನಸ್ಸನ್ನು ಕೇಳಿ. ನೀವು ಹೋದರೆ ನಾನು ಅಳದೆ ಇರುವವಳಲ್ಲ. ಅಳುತ್ತಲೇ ನಿಮ್ಮ ಚೀಲ ಹೊತ್ತು ಬಸ್ಸಿನವರೆಗೆ ಬರುತ್ತೇನೆ.